ಮಾವಿಸ್ ಹೆಪ್ಪಲ್ ಅವರ ಮತಚೀಟಿ

ಆಷ್‌ರಿಗ್ ಲೀಕ್ ಬೆಳೆಗಾರರ ಸಂಘದ ಅಧ್ಯಕ್ಷರಾದ ಸನ್ಮಾನ್ಯ ಆಲ್ಫ್ ರಿಡ್ಲಿ ಅವರೇ, ಪಕ್ಕದ ಕಣಿವೆಯಿಂದ ಬಂದು ಬೆಳಗಿನಿಂದ ಈರುಳ್ಳಿಯ ದಪ್ಪ ಕಾಂಡದ ದಾಯಾದಿಗಳಾದ ನಮ್ಮ ಲೀಕ್‌ಗಳ ಸುತ್ತಳತೆ ಹಿಡಿದು ದಣಿದಿರುವ ತೀರ್ಪುಗಾರರೇ, ನಿವೃತ್ತರಾಗುತ್ತ ಇಂದು ಸನ್ಮಾನ ಸ್ವೀಕರಿಸುತ್ತಿರುವ ನಮ್ಮ ಕಾರ್ಯದರ್ಶಿ ಶ್ರೀಮತಿ ಮಾವಿಸ್ ಹೆಪ್ಪಲ್ ಅವರೇ, ಬಹುಮಾನ ಬಂದವರೇ, ಬಾರದೆ ತೀರ್ಪುಗಾರರನ್ನೇ ದುರುಗುಟ್ಟಿ ನೋಡುತ್ತಿರುವವರೇ, ಬಾಗಿಲ ಬಳಿ ಕೋಟು ಬಿಚ್ಚದೆ ಕೂತಿರುವ ಡೆರಿಕ್ ಸ್ಟಾಬ್ಸ್ ಅವರೇ, ಮತ್ತು ಸಭಿಕರೇ,

ಅಭಿನಂದನೆಯ ನಾಲ್ಕು ಮಾತು ಆಡಬೇಕೆಂದು ಸಮಿತಿ ನನ್ನನ್ನು ಕೇಳಿದೆ. ಲಿಯಾನ್ ಟೆಲ್ಫರ್ ನಾಲ್ಕು ಮಾತಿಗೆ ನಿಲ್ಲಿಸಿದ್ದನ್ನು ಈ ಊರು ಇನ್ನೂ ಕಂಡಿಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು. ಊಟ ತಣ್ಣಗಾಗುವುದರೊಳಗೆ ಮುಗಿಸುತ್ತೇನೆ.

ಮೂವತ್ತೊಂದು ವರ್ಷ ಒಬ್ಬ ಹೆಂಗಸು ಒಂದು ಸಂಘದ ಕಾರ್ಯದರ್ಶಿಯಾಗಿರುವುದೆಂದರೆ ಏನು? ಮೂವತ್ತೊಂದು ಆಗಸ್ಟ್ ತಿಂಗಳು, ಮಳೆಯೋ ಗಾಳಿಯೋ, ನಲವತ್ತು ತೋಟಗಳ ಕೆಸರಿನಲ್ಲಿ ನಡೆದು, ಸ್ಪರ್ಧೆಗೆ ಬರುವ ಒಂದೊಂದು ಲೀಕಿನ ಎಲೆಗೂ ಬಗ್ಗಿ ಸಂಘದ ಮುದ್ರೆ ಒತ್ತುವುದು. ಮುದ್ರೆಯಿಲ್ಲದ ಲೀಕು ಈ ಮೇಜಿಗೆ ಬರಕೂಡದು. ಬೇರೆಯವರು ಬೆಳೆದದ್ದನ್ನು ತಂದು ನನ್ನದೆನ್ನಕೂಡದು. ಒಂದು ವರ್ಷ ಮುದ್ರೆ ಮಾಸಿದ ಲೀಕನ್ನು ಆಕೆ ಮೇಜಿನಿಂದ ಎತ್ತಿ ಕೆಳಗಿಟ್ಟರು. ಅದನ್ನು ತಂದವರು ಆಕೆಯ ಗಂಡ, ದಿವಂಗತ ನಾರ್ಮನ್ ಹೆಪ್ಪಲ್. ಆ ವರ್ಷ ಕ್ರಿಸ್‌ಮಸ್‌ವರೆಗೂ ಅವರ ಮನೆಯಲ್ಲಿ ಚಹಾ ಬೇಕೋ ಬೇಡವೋ ಎಂಬುದರ ಹೊರತು ಬೇರೆ ಮಾತೇ ಇರಲಿಲ್ಲವಂತೆ.

ಅಂಥವರ ಮಡಿಲಲ್ಲಿ ನಾನು ಅರ್ಧ ಬೆಳೆದೆ. ಅಮ್ಮ ನಮ್ಮನ್ನು ಬಿಟ್ಟುಹೋದಾಗ ನನಗೆ ಒಂಬತ್ತು ವರ್ಷ. ಅಪ್ಪನ ತೋಟದ ಪಕ್ಕದ್ದೇ ಮಾವಿಸ್ ಆಂಟಿಯ ತೋಟ. ಶಾಲೆ ಬಿಟ್ಟು ನೇರ ಅಲ್ಲಿಗೆ ಹೋದರೆ ದಪ್ಪ ರೊಟ್ಟಿಯ ಮಧ್ಯೆ ಹಂದಿಮಾಂಸದ ತುಂಡಿಟ್ಟು, ಹಳದಿ ಬಟಾಣಿಯ ಗೊಜ್ಜು ಹಚ್ಚಿ, ಏನೂ ಕೇಳದೆ ಕೈಗೆ ಕೊಡುತ್ತಿದ್ದರು. ನಾನು ಹತ್ತೊಂಬತ್ತರವಳಿದ್ದಾಗ ಅಪ್ಪ ತೀರಿಕೊಂಡರು. ಅವರು ಬಿಟ್ಟುಹೋದದ್ದು ಎರಡೇ: ಒಂದು ಲೀಕಿನ ತಳಿ, ಶೆಡ್ಡಿನಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಯ ತುಂಬ, ನಾನು ಹುಟ್ಟುವ ಮೊದಲೇ ಮುಗಿದ ಗಣಿ ಮುಷ್ಕರದ ಕಾಲದ ಕರಪತ್ರಗಳು. ಆ ಚಳಿಗಾಲ ಶೆಡ್ಡಿನಲ್ಲೇ ಕೂತು ಎಲ್ಲವನ್ನೂ ಓದಿದೆ. ಅವು ಹೇಳಿದ್ದು ಇಷ್ಟು: ಯುರೋಪಿನ ಒಕ್ಕೂಟ ಕೆಲಸಗಾರರದ್ದಲ್ಲ, ಬ್ಯಾಂಕಿನವರದ್ದು. ನಾವು ಆರಿಸದವರು, ನಾವು ಇಳಿಸಲಾಗದವರು, ದೂರದಲ್ಲೆಲ್ಲೋ ಕೂತು ನಮ್ಮ ಪರವಾಗಿ ತೀರ್ಮಾನ ಮಾಡುವ ಏರ್ಪಾಡು ಅದು. ಅಂಚಿನಲ್ಲಿ ಅಪ್ಪ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಗೆರೆ ಎಳೆದ ಸಾಲುಗಳೆಲ್ಲ ನನಗೆ ಇವತ್ತಿಗೂ ಬಾಯಿಪಾಠ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಇರಲಿ.

ಮೂರು ವರ್ಷದ ಹಿಂದೆ ದೇಶ ಪ್ರಶ್ನೆ ಕೇಳಿತು: ಒಕ್ಕೂಟದಲ್ಲಿ ಉಳಿಯೋಣವೋ, ಹೊರಡೋಣವೋ? ಹೊರಡೋಣ ಎಂದು ಉತ್ತರ ಬಂದು ಮೂರು ವರ್ಷವಾದರೂ ದೇಶ ಇನ್ನೂ ಹೊರಟಿಲ್ಲ. ಎದ್ದು ನಿಂತ ನೆಂಟ ಬಾಗಿಲಲ್ಲೇ ಕೊಡೆ ಹುಡುಕುತ್ತಿದ್ದಾನೆ. ಆದರೆ ಆ ಬೇಸಿಗೆಯಲ್ಲಿ ನಮ್ಮ ಊರೇನು ಸುಮ್ಮನಿತ್ತೇ? ತೋಟದ ನಲ್ಲಿಯ ಹತ್ತಿರ ಸರದಿಗೆ ನಿಂತವರು ಜಗಳವಾಡಿದರು. ಒಂದೇ ಬೇಲಿಯ ಎರಡು ಬದಿಗೆ ಎರಡು ಫಲಕ ಎದ್ದವು. ನಾನು ಇಪ್ಪತ್ತೆರಡರ ಹುಡುಗಿ, ಮನೆಮನೆಯ ಬಾಗಿಲಿಗೂ ಹೋದೆ. ಆಲ್ಫ್ ಅವರು ನಮ್ಮ ಕಡೆ, ಹೊರಡುವವರ ಕಡೆ. ಅವರ ಮೂವತ್ತು ವರ್ಷದ ಗೆಳೆಯ ಡೆರಿಕ್ ಅವರು ಉಳಿಯುವವರ ಕಡೆ. ಮಾವಿಸ್ ಆಂಟಿಯೂ ಆ ಕಡೆಯೇ.

ಆಕೆಯ ಬಾಗಿಲಿಗೂ ಕರಪತ್ರ ಹಿಡಿದು ಹೋದೆ. ಆಕೆ ಅದನ್ನು ಮಡಿಸಿ, ಕುಂಟುತ್ತಿದ್ದ ಮೇಜಿನ ಕಾಲಡಿ ಇಟ್ಟು, ಕೂರಲು ಹೇಳಿದರು.

"ಮುಷ್ಕರದ ವರ್ಷ ಯುರೋಪಿನ ಗಣಿಯವರು ಒಂದು ಲಾರಿ ತುಂಬ ಡಬ್ಬಿ, ಮಕ್ಕಳಿಗೆ ಗೊಂಬೆ ಕಳಿಸಿದ್ರು. ಡಬ್ಬಿ ಮೇಲೆ ಬರೆದಿದ್ದು ನಮಗೆ ಓದೋಕೂ ಬರ್ತಿರಲಿಲ್ಲ. ತೆರೆದು ನೋಡಿದ ಮೇಲೇ ಗೊತ್ತಾಗೋದು, ಬಟಾಣಿನೋ ಮೀನೋ ಅಂತ. ಲಂಡನ್‌ನಿಂದ ಯಾರು ಬಂದಿದ್ರು ಹೇಳು, ಪೊಲೀಸರು ಬಿಟ್ಟು?"

"ಲಾರಿ ಕಳಿಸಿದ್ದು ಕೆಲಸಗಾರರು ಆಂಟಿ, ಒಕ್ಕೂಟದ ಆಫೀಸಿನವರಲ್ಲ. ಅದನ್ನ ಗಡಿಯ ಸುಂಕದ ಕಟ್ಟೇಲಿ ಎರಡು ದಿನ ನಿಲ್ಲಿಸಿದ್ರಂತೆ, ಅಪ್ಪ ಬರೆದಿಟ್ಟಿದ್ದಾರೆ."

"ನಿಮ್ಮಪ್ಪ ಆ ಡಬ್ಬೀಲಿ ಎರಡು ಸಲ ಬಡಿಸ್ಕೊಂಡು ತಿಂದಿದ್ದೂ ಬರೆದಿಟ್ಟಿದ್ದಾನಾ?"

ವಾದದಲ್ಲಿ ನಾನೇ ಗೆದ್ದೆ ಎಂದುಕೊಂಡು ಎದ್ದು ಬಂದೆ. ಕೈಯಲ್ಲಿ ಆಕೆ ಕೊಟ್ಟ ರೊಟ್ಟಿಯ ಪೊಟ್ಟಣವಿತ್ತು.

ಮತದಾನ ಗುರುವಾರ. ಮಂಗಳವಾರ ಮಧ್ಯಾಹ್ನ ಮಾವಿಸ್ ಆಂಟಿ ತೋಟದ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಶಸ್ತ್ರಚಿಕಿತ್ಸೆಯಾಗಿ ಒಂದು ದಿನ; ಮುಖ ಹಾಸಿಗೆಯ ಬಟ್ಟೆಯಷ್ಟೇ ಬಿಳಿ. ದಿಂಬಿನ ಕೆಳಗಿನಿಂದ ಒಂದು ಕಾಗದ ತೆಗೆದರು. ಹಠಾತ್ತನೆ ಕಾಯಿಲೆ ಬಿದ್ದವರ ಬದಲಿಗೆ ಇನ್ನೊಬ್ಬರು ಮತ ಹಾಕಲು ಅನುಮತಿ ಕೇಳುವ ಅರ್ಜಿ. ಡಾಕ್ಟರ ಸಹಿ ಆಗಿತ್ತು. ಬದಲಿ ವ್ಯಕ್ತಿ ಎಂಬಲ್ಲಿ ನನ್ನ ಹೆಸರಿತ್ತು.

ಡೆರಿಕ್ ಅವರಿದ್ದಾರಲ್ಲ, ನಿಮ್ಮ ಕಡೆಯವರು ಅಷ್ಟು ಜನ ಇದ್ದಾರಲ್ಲ, ನನಗೇಕೆ ಎಂದು ಕೇಳಿದೆ.

"ನೀನು ಓದಿದ್ದನ್ನ ನಂಬೋಳು ಮಗಳೇ. ನಂಬೋರು ಮೋಸ ಮಾಡಲ್ಲ. ಉಳಿಯೋಣ ಅನ್ನೋದರ ಮುಂದೆ ಗುರುತು ಹಾಕು. ಮುಖ ಹುಳ್ಳಗೆ ಮಾಡ್ಕೊಂಡೇ ಹಾಕು, ನನಗೇನೂ ಬೇಜಾರಿಲ್ಲ."

ಸಭಿಕರೇ, ನಂಬುವವರು ಮೋಸ ಮಾಡುವುದಿಲ್ಲವೇ? ಚರಿತ್ರೆಯನ್ನು ನಾನೂ ಅಷ್ಟಿಷ್ಟು ಓದಿದ್ದೇನೆ. ತಾವು ನಂಬಿದ್ದಕ್ಕಾಗಿ ಮೋಸ ಮಾಡಿದವರಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದವರು ಯಾರಿದ್ದಾರೆ? ಆ ಅರ್ಜಿ ಸಂಜೆ ಐದರೊಳಗೆ ಪಟ್ಟಣದ ಚುನಾವಣಾ ಕಚೇರಿಗೆ ತಲುಪಬೇಕಿತ್ತು. ನಾನು ಏನೂ ಮಾಡಬೇಕಿರಲಿಲ್ಲ. ಬಸ್ಸು ತಪ್ಪಿಸಿಕೊಂಡಿದ್ದರೆ ಸಾಕಿತ್ತು. ಆದರೆ ಬಸ್ಸಿನ ಹಿಂದೆ ಓಡಿದೆ. ಓಡುತ್ತ ನನ್ನನ್ನೇ ಬೈದುಕೊಂಡೆ.

ಮತಗಟ್ಟೆ ಇದೇ ಸಭಾಂಗಣ. ಈಗ ಬಹುಮಾನದ ಲೀಕುಗಳು ಮಲಗಿವೆಯಲ್ಲ, ಅಲ್ಲಿ ಹಲಗೆಯ ಮರೆಗಳು ನಿಂತಿದ್ದವು. ಮೇಜಿನಲ್ಲಿದ್ದ ಹೆಂಗಸು ಎರಡು ಚೀಟಿ ಕೊಟ್ಟರು, ಒಂದು ನನ್ನದು, ಒಂದು ಆಕೆಯದು. ಎರಡೂ ಒಂದೇ ಥರ. ಅದಲುಬದಲಾಗಬಾರದೆಂದು ಆಕೆಯದನ್ನು ಬಲಗೈಯಲ್ಲಿ, ನನ್ನದನ್ನು ಎಡಗೈಯಲ್ಲಿ ಹಿಡಿದುಕೊಂಡೆ. ಹಾಗೆ ಹಿಡಿದವಳಿಗೆ ಪೆನ್ಸಿಲ್ ಹಿಡಿಯಲು ಕೈಯೇ ಉಳಿಯಲಿಲ್ಲ. ನಗಬೇಡಿ. ನನ್ನದು ಯಾರ ಮತ? ಅಪ್ಪ ಇದ್ದಿದ್ದರೆ ಎಲ್ಲಿ ಗುರುತು ಹಾಕುತ್ತಿದ್ದರೋ ಅಲ್ಲಿ ಹಾಕಲು ಬಂದಿದ್ದೆ. ಕೈಯಲ್ಲಿದ್ದ ಎರಡರಲ್ಲಿ ಒಂದೂ ನನ್ನದಲ್ಲವೇನೋ ಅನ್ನಿಸಿತು.

ತುಂಬ ಹೊತ್ತು ನಿಂತೆ. ಮೇಜಿನ ಹೆಂಗಸು ಎರಡು ಸಲ ಕೆಮ್ಮಿದರು. ಆಮೇಲೇನಾಯಿತು ಎನ್ನುವುದನ್ನು ಈ ಊರು ಮೂರು ವರ್ಷದಿಂದ ತನಗೆ ಗೊತ್ತು ಎಂದುಕೊಂಡಿದೆ. ಯಾಕೆ ಹಾಗೆಂದುಕೊಂಡಿದೆ ಎನ್ನುವುದನ್ನು ಮೊದಲು ಹೇಳುತ್ತೇನೆ.

ಹೊರಗೆ ಬಂದು, ನಮ್ಮ ಬೆಳೆಗಾರರು ಸಂಜೆ ಕೂಡುವ ಕ್ಲಬ್ಬಿಗೆ ನೇರ ಹೋದೆ. ನಿಮಗೆಲ್ಲ ನಾನು 'ಕರಪತ್ರದ ಹುಡುಗಿ'. ಆಗಲೇ ಮೂರು ವರ್ಷದಿಂದ ಅಪ್ಪನ ತಳಿ ಬೆಳೆಯುತ್ತಿದ್ದರೂ ಬೆಳೆಗಾರರ ಬೆಂಚಿನಲ್ಲಿ ನನಗೆ ಜಾಗ ಇರಲಿಲ್ಲ. ಕೂತರೆ ಯಾರೂ ಬೈಯುತ್ತಿರಲಿಲ್ಲ, ಮಾತು ನಿಲ್ಲುತ್ತಿತ್ತು ಅಷ್ಟೆ. ಆವತ್ತು ಆಲ್ಫ್ ಅವರು ಪಕ್ಕಕ್ಕೆ ಸರಿದು ಬೆಂಚು ತಟ್ಟಿದರು. ಮಾವಿಸ್ ಆಂಟಿಯ ಅರ್ಜಿಯ ಸುದ್ದಿ ಅಷ್ಟರಲ್ಲಿ ಊರೆಲ್ಲ ಹರಡಿತ್ತು.

"ಏನಮ್ಮ, ಎರಡೂ ನಮಗೇ ಬಿತ್ತು ತಾನೇ?" ಅಂದರು. ಕಣ್ಣು ಮಿಟುಕಿಸಿದರು.

ನಾನು ನಕ್ಕೆ.

ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ನಕ್ಕೆ. ಬೆಂಚಿನವರೆಲ್ಲ ಗೊಳ್ಳೆಂದರು. ಯಾರೋ ಬೆನ್ನು ತಟ್ಟಿದರು. ಯಾರೋ ಬಿಯರ್ ತಂದಿಟ್ಟರು. ಪಕ್ಕದ ಮೇಜಿನಿಂದ ಡೆರಿಕ್ ಅವರು ನನ್ನ ಮುಖವನ್ನೇ ನೋಡಿ, ಅರ್ಧ ಕುಡಿದ ಲೋಟ ಅಲ್ಲೇ ಬಿಟ್ಟು ಎದ್ದು ಹೋದರು. ಅಂದಿನಿಂದ ಆಲ್ಫ್ ಅವರೊಡನೆ ಅವರು ಒಂದು ಮಾತು ಆಡಿಲ್ಲ. ಮುದುಕಿಯ ಮತ ಕದ್ದದ್ದಕ್ಕೆ ಬೆನ್ನು ತಟ್ಟುವವನ ಪಕ್ಕ ನಾನು ಕೂರುವುದಿಲ್ಲ ಎಂದರಂತೆ. ಮೂವತ್ತು ವರ್ಷ ಒಂದೇ ಕೈಗಾಡಿಯಲ್ಲಿ ಗೊಬ್ಬರ ಸಾಗಿಸಿದವರು. ದೇಶ ಒಡೆಯಿತು ಎಂದು ಪತ್ರಿಕೆಗಳು ಬರೆದವು. ಇವರಿಬ್ಬರನ್ನು ಒಡೆದದ್ದು ದೇಶವಲ್ಲ, ನನ್ನ ನಗು.

ಈಗ ಹೇಳುತ್ತೇನೆ. ಆ ಹಲಗೆಯ ಮರೆಯಲ್ಲಿ ಮೊದಲು ಆಕೆಯ ಚೀಟಿ ಬಿಡಿಸಿದೆ. ಉಳಿಯೋಣ ಎಂಬುದರ ಮುಂದೆ ಗುರುತು ಹಾಕಿದೆ. ಆಮೇಲೆ ನನ್ನದರಲ್ಲಿ ಹೊರಡೋಣ ಎಂಬುದರ ಮುಂದೆ ಹಾಕಿದೆ. ಎರಡನ್ನೂ ಮಡಿಸಿ ಪೆಟ್ಟಿಗೆಗೆ ಬಿಟ್ಟೆ.

ಇದು ನನ್ನ ಒಳ್ಳೆಯತನ ಎಂದು ಯಾರೂ ತಿಳಿಯಬೇಡಿ. ಮನಸ್ಸಿನಲ್ಲಿ ಕಳ್ಳತನದ ಲೆಕ್ಕಾಚಾರ ಪೂರ್ತಿ ಸಿದ್ಧವಾಗಿತ್ತು. ಆಗ ಅಪ್ಪ ಗೆರೆ ಎಳೆದ ಸಾಲೇ ಅಡ್ಡ ಬಂತು: ನಮ್ಮನ್ನು ಕೇಳದೆ, ನಮ್ಮ ಒಳ್ಳೆಯದಕ್ಕೇ ಎಂದು, ನಮ್ಮ ಪರವಾಗಿ ತೀರ್ಮಾನ ಮಾಡುವವರು. ಆ ಎರಡು ಅಡಿ ಜಾಗದಲ್ಲಿ ಹಾಗೆ ಮಾಡಲು ಹೊರಟಿದ್ದವಳು ಯಾರು? ನಾನೇ. ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ನಾಳೆ ಮತ್ತೆ ಮತ ಕೇಳಿದರೂ ಹೊರಡೋಣ ಎಂದೇ ಹಾಕುತ್ತೇನೆ, ನನ್ನ ಚೀಟಿಯಲ್ಲಿ.

ನಂಬುವುದು ಹೇಗೆ ಎಂದು ಡೆರಿಕ್ ಅವರು ಕೇಳಬಹುದು. ನನ್ನ ಬಳಿ ಸಾಕ್ಷಿ ಇಲ್ಲ. ಗುಟ್ಟಿನ ಮತಕ್ಕೆ ಸಾಕ್ಷಿ ಇರುವುದಿಲ್ಲ. ಆ ಚೀಟಿಗಳೂ ಇಷ್ಟು ಹೊತ್ತಿಗೆ ನಾಶವಾಗಿರುತ್ತವೆ. ಆಲ್ಫ್ ಅವರೇ, ಆ ಬಿಯರನ್ನು ನಾನು ಸುಳ್ಳು ಕಾರಣಕ್ಕೆ ಕುಡಿದೆ. ಅದನ್ನು ಈಗ ವಾಪಸ್ ಕೊಡುವುದು ಕಷ್ಟ, ಕ್ಷಮಿಸಬೇಕು. ಆದರೆ ನೀವು ಮತ್ತು ಡೆರಿಕ್ ಅವರು ಮೂರು ವರ್ಷದಿಂದ ಯಾವುದಕ್ಕಾಗಿ ಮಾತು ಬಿಟ್ಟಿದ್ದೀರೋ, ಅದು ನಡೆದೇ ಇಲ್ಲ.

ಇಷ್ಟು ದಿನ ಬಿಟ್ಟು ಇವತ್ತೇಕೆ? ಕಳೆದ ತಿಂಗಳು ಮುದ್ರೆ ಒತ್ತುವ ದಿನ ಮಾವಿಸ್ ಆಂಟಿ ಮುದ್ರೆಯನ್ನು ನನ್ನ ಕೈಗೆ ಕೊಟ್ಟರು. ಸೊಂಟ ಬಗ್ಗುವುದಿಲ್ಲ, ಇನ್ನು ಮೇಲೆ ನೀನೇ ಕಾರ್ಯದರ್ಶಿ, ಸಮಿತಿಗೆ ಹೇಳಿದ್ದೇನೆ ಎಂದರು. ನಾನು ಮುದ್ರೆ ಹಿಡಿದು ನಿಂತೇ ಇದ್ದೆ. ನನ್ನ ಮುಖ ನೋಡಿ ಆಕೆಗೆ ಏನನ್ನಿಸಿತೋ.

"ಆ ಓಟಿನ ವಿಷಯ ಮನಸ್ಸಲ್ಲಿ ಇಟ್ಕೋಬೇಡ ಮಗಳೇ," ಎಂದರು. "ನೀನು ಅಪ್ಪನ್ನ ಕಳ್ಕೊಂಡಿದ್ದೆ, ಚಿಕ್ಕವಳು. ನಾನು ಆವತ್ತೇ ಕ್ಷಮಿಸಿಬಿಟ್ಟೆ."

ನನ್ನ ನಗು ಆಸ್ಪತ್ರೆಯ ಹಾಸಿಗೆಯವರೆಗೂ ಹೋಗಿತ್ತು. ಯಾರು ಮುಟ್ಟಿಸಿದರೋ ಕೇಳಲಿಲ್ಲ. ಇಲ್ಲ ಆಂಟಿ, ನಾನು ಕದಿಯಲಿಲ್ಲ ಎಂದು ಬಾಯಿ ತೆರೆದೆ. ಆಕೆ ನನ್ನ ಕೈ ಮೇಲೆ ಕೈಯಿಟ್ಟು, "ಬಿಡು, ಬಿಡು," ಎಂದರು. ಕ್ಷಮಿಸಿದವರ ಮುಂದೆ ನಾನು ತಪ್ಪೇ ಮಾಡಿಲ್ಲ ಎಂದರೆ ಅದು ಹಸಿ ಸುಳ್ಳಿನ ಹಾಗೇ ಕೇಳಿಸುತ್ತದೆ. ಮೂರು ವರ್ಷ ಆಕೆ ತನ್ನ ಮತ ಕದ್ದವಳೆಂದು ತಿಳಿದೂ ನನಗೆ ರೊಟ್ಟಿ ಕೊಟ್ಟಿದ್ದರು. ಕದ್ದವಳೆಂದು ತಿಳಿದೇ ಕೈಗೆ ಮುದ್ರೆ ಕೊಟ್ಟಿದ್ದರು. ಗಂಡನ ಲೀಕನ್ನು ಮೇಜಿನಿಂದ ಇಳಿಸಿದ ಹೆಂಗಸು ಸಭಿಕರೇ, ನನ್ನ ಪಾಲಿಗೆ ಮಾತ್ರ ನಿಯಮವನ್ನು ಪಕ್ಕಕ್ಕಿಟ್ಟಿದ್ದರು. ಅಂಥ ಪ್ರೀತಿಯನ್ನು ತಪ್ಪು ಲೆಕ್ಕದಲ್ಲಿ ಪಡೆದು ನಾನು ಹೇಗೆ ಸುಮ್ಮನಿರಲಿ?

ಮಾವಿಸ್ ಆಂಟಿ, ನಿಮ್ಮ ಮತ ನೀವು ಹೇಳಿದ ಕಡೆಗೇ ಬಿತ್ತು. ನಿಮ್ಮ ಕಡೆ ಸೋತರೂ, ಆ ರಾತ್ರಿ ಎಣಿಸಿದ ರಾಶಿಯಲ್ಲಿ ನಿಮ್ಮದೂ ಇತ್ತು, ನಿಮ್ಮದಾಗಿಯೇ ಇತ್ತು. ಆದ್ದರಿಂದ ಆ ಕ್ಷಮೆಯನ್ನು ಈ ಸಭೆಯ ಮುಂದೆ ನಿಮಗೆ ಹಿಂದಿರುಗಿಸುತ್ತಿದ್ದೇನೆ. ಅದು ನನಗೆ ಸೇರಬೇಕಾದದ್ದಲ್ಲ. ನೀವು ಕ್ಷಮಿಸುವುದಾದರೆ ಇನ್ನೊಂದಿದೆ. ನೀವು ಮೂಳೆ ಮುರಿದು ಮಲಗಿದ್ದಾಗ, ಬೆಂಚಿನ ಮೇಲೆ ಒಂದು ಜಾಗಕ್ಕಾಗಿ, ನಿಮ್ಮ ನಂಬಿಕೆ ಹುಸಿಯಾಯಿತೆಂದು ಊರು ನಗುವಾಗ ನಾನೂ ಜೊತೆಗೆ ನಕ್ಕೆ. ಅದು ಮಾತ್ರ ನಿಜವಾಗಿ ನಡೆದದ್ದು. ಅದಕ್ಕೆ ಸಮಯ ತೆಗೆದುಕೊಳ್ಳಿ. ಇವತ್ತೇ ಕ್ಷಮಿಸಬೇಡಿ.

ನನ್ನ ಮಾತು ಇಷ್ಟು ಹೊತ್ತು ಕೇಳಿದ ನಿಮ್ಮ ತಾಳ್ಮೆಗೆ, ಮಧ್ಯದಲ್ಲಿ ಎದ್ದು ಹೋಗದ ಡೆರಿಕ್ ಅವರಿಗೆ, ಎರಡು ಸಲ ಗಡಿಯಾರ ನೋಡಿಯೂ ನಿಲ್ಲಿಸು ಎನ್ನದ ಅಧ್ಯಕ್ಷರಿಗೆ ಕೃತಜ್ಞಳಾಗಿದ್ದೇನೆ. ಎಲ್ಲರಿಗೂ ನಮಸ್ಕಾರ.