ಪಂಪಿನೊಳಗಿನ ಥ್ರೆಡ್ಡು

೧೯೭೪, ಕೊಳ್ಳೇಗಾಲದ ಬಸ್‌ಸ್ಟ್ಯಾಂಡು. ಮಾಂಬಳ್ಳಿ ಬಸ್ಸಿಗೆ ಕಾಯುತ್ತಿದ್ದ ನನ್ನ ಮುಂದೆ ಇಬ್ಬರಿದ್ದರು: ಜಮೀನ್ದಾರ ಶಿವಮಲ್ಲಪ್ಪ, ಊರಾಚೆಯ ಕೇರಿಯ ತನ್ನ ಮನೆಯಲ್ಲೇ ಲೇತ್ ಯಂತ್ರ ಹಾಕಿಕೊಂಡಿರುವ ಚಿನ್ನಸ್ವಾಮಿ.

“ನೀ ಮಾಡ್ಕೊಟ್ಟ ಬೋಲ್ಟು ಪಂಪಿನೊಳಗೆ ಲೊಡಲೊಡ ಅಂತದೆ ಕಣ್ಲಾ. ನೀರಿಲ್ದೆ ನಾಟಿ ಒಣಗ್ತಾ ಅದೆ.”

“ನೀವು ಕೊಟ್ಟ ಮಾದರಿ ಬೋಲ್ಟೇ ಸವೆದಿತ್ತು ಬುದ್ಧಿ. ಅದ್ರ ಮೈಮೇಲಿನ ಸುತ್ತುಗೆರೆ, ಆ ಥ್ರೆಡ್ ಸಂದಿಗೆ ಮೂರು ತಂತಿ ಇಟ್ಟು ಮೈಕ್ರೋಮೀಟರಲ್ಲಿ ಅಳೆದ್ರೂ ಸವೆದ ಅಳತೇನೇ ಬತ್ತದೆ. ಬಾವಿಗಿಳಿದು ಪಂಪಿನ ಥ್ರೆಡ್ಡೇ ನೋಡ್ಬೇಕು.”

“ನಮ್ಮ ಬಾವಿಗೆ ನೀನಿಳಿಯೋದಾ? ಊರೋರು ಏನಂದಾರು? ನಾನೇ ಮೇಣ ಒತ್ತಿ ಅಚ್ಚು ತತ್ತೀನಿ.”

“ತಿರುಗ್ಸಿ ತೆಗೆಯೋವಾಗ ಮೇಣ ಎಳ್ಕಂಡು ಅಳತೆ ಕೆಡ್ತದೆ ಬುದ್ಧಿ.”

ಬಸ್ಸು ಬಂತು. ಮೆಟ್ಟಿಲು ಹತ್ತಿದ ಶಿವಮಲ್ಲಪ್ಪನ ದನಿ ತಗ್ಗಿತು.

“ಸರಿ, ಕೋಳಿ ಕೂಗೋಕ್ ಮುಂಚೆ ಬಾ. ಯಾರೂ ಎದ್ದಿರಕಿಲ್ಲ.”

“ಕತ್ಲಲ್ಲಿ ಥ್ರೆಡ್ ಕಾಣಕಿಲ್ಲ ಬುದ್ಧಿ. ಬೆಳಿಗ್ಗೆ ಹತ್ತು ಗಂಟೆಗೆ ಬತ್ತೀನಿ.”