ಮೇಷ್ಟ್ರ ಎಮು ಎಣ್ಣೆ ಮತ್ತು ನನ್ನ ಬಲಭುಜ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಈಜು ಮೇಷ್ಟ್ರೇ, ಒದ್ದೆ ತಲೆಯಲ್ಲೇ ಬಂದು ಕೂತಿರುವ ಮಕ್ಕಳೇ, ಸಭಿಕರೇ,

ನಿರೂಪಕರು ನನ್ನನ್ನು ‘ಮೇಷ್ಟ್ರ ಎಮು ಎಣ್ಣೆಯ ಜೀವಂತ ಸಾಕ್ಷಿ’ ಎಂದು ಪರಿಚಯಿಸಿದರು. ಸಾಕ್ಷಿ ಎಂದಮೇಲೆ ನಿಜ ಹೇಳಬೇಕಲ್ಲವೇ?

ಆ ಎಣ್ಣೆ ಹಚ್ಚಿಸಿಕೊಳ್ಳದವರು ಈ ಸಭೆಯಲ್ಲಿ ಯಾರಿದ್ದಾರೆ? ಬಿಸಿನೀರಿನ ಮಗ್ಗಿನಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡುತ್ತಿದ್ದರು. ಕೊಳದ ಕಟ್ಟೆಯ ಮೇಲೆ ಕೂರಿಸಿ ಭುಜ ತಿಕ್ಕಿ, ಎಣ್ಣೆ ಇಂಗುವ ತನಕ ನೀರಿಗಿಳಿಯಲು ಬಿಡುತ್ತಿರಲಿಲ್ಲ. “ಸರ್, ಈ ಎಮು ಹಕ್ಕಿಗೆ ಹಾರೋಕೇ ಬರಲ್ವಂತೆ. ಅದರ ಎಣ್ಣೆ ನನ್ನ ರೆಕ್ಕೆಗೇನು ಮಾಡುತ್ತೆ?” ಎಂದು ಕೇಳಿದ್ದೆ. “ತಡಿ, ಬಾಯಿಗೂ ಸ್ವಲ್ಪ ಹಚ್ತೀನಿ,” ಎಂದಿದ್ದರು.

ನನಗಾಗ ಹದಿನಾರು. ದೊಡ್ಡ ಸ್ಪರ್ಧೆ ಹತ್ತಿರವಿತ್ತು, ಭುಜ ನೋಯುತ್ತಿತ್ತು. “ಡಾಕ್ಟರಿಗೆ ತೋರಿಸೋಣ ಬಾರೇ,” ಎಂದು ಅಮ್ಮ ದಿನವೂ ಕರೆಯುತ್ತಿದ್ದಳು. “ಮೇಷ್ಟ್ರಿಗೆ ಬೇಜಾರಾಗುತ್ತಮ್ಮ,” ಎನ್ನುತ್ತಿದ್ದೆ. ಆ ಬೆಚ್ಚನೆಯ ಕೈ ಬಿದ್ದ ಕೂಡಲೇ ಹಿತವಾಗುತ್ತಿದ್ದದ್ದೂ ನಿಜವೇ. “ಈಗ ಹೇಗಿದೆಯಮ್ಮ?” ಎಂದು ಕೇಳುವಾಗ ಅವರ ಮುಖದಲ್ಲಿ ಅಷ್ಟು ಆಸೆ. ವಾಸಿಯಾಗಿಲ್ಲ ಎನ್ನುವುದು ಹೇಗೆ? “ವಾಸಿಯಾಯ್ತು ಸರ್,” ಎಂದೆ. ಅದನ್ನೇ ಅವರು ಇವತ್ತಿನವರೆಗೂ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ.

ಸ್ಪರ್ಧೆಗೆ ಮುಂಚೆಯೇ ಭುಜದ ಸ್ನಾಯು ಪೂರ್ತಿ ಹರಿಯಿತು. “ನೋವು ಶುರುವಾದಾಗಲೇ ಬರಬೇಕಿತ್ತು,” ಎಂದರು ಡಾಕ್ಟರು. ಅದನ್ನು ಮುಚ್ಚಿಟ್ಟು, ಓದು ಜಾಸ್ತಿಯಾಯಿತು, ಈಜು ಬಿಟ್ಟೆ ಎಂದು ಮೇಷ್ಟ್ರಿಗೆ ಹೇಳಿದೆ. ಇಂಗ್ಲಿಷ್ ಶಾಲೆಯ ಹುಡುಗಿ, ಓದಿನ ಹೊರೆ ಇದ್ದೀತು ಎಂದು ಅವರೂ ನಂಬಿದರು.

ಸರ್, ದಯವಿಟ್ಟು ತಲೆ ತಗ್ಗಿಸಬೇಡಿ. ಬೀಳ್ಕೊಡುಗೆಯಲ್ಲಿ ಆಡುವ ಮಾತೇ ಇದು ಎಂದು ಬೆಳಗಿನಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಆಡದೆ ಹೋಗುವವಳೇ ಇದ್ದೆ. ಆದರೆ ಮುಂದಿನ ಸಾಲಿನಲ್ಲಿ ಒಬ್ಬಳು ಚಪ್ಪಾಳೆಯನ್ನೂ ತಟ್ಟದೆ ಭುಜ ಹಿಡಿದುಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಹಾದು ಬರುವಾಗ ಅದೇ ಎಣ್ಣೆಯ ವಾಸನೆ ಬಂತು.

ಮಗು, ಎಣ್ಣೆ ಹಚ್ಚಿಸಿಕೋ, ಹಿತವಾಗಿರುತ್ತೆ. ಆದರೆ ನೋವಿದ್ದರೆ ಇದೆ ಅಂತ ಹೇಳು, ಡಾಕ್ಟರಿಗೆ ತೋರಿಸು. ಮೇಷ್ಟ್ರಿಗೆ ಬೇಜಾರಾಗಲ್ಲ. ಅಲ್ಲವೇ ಸರ್?

ನೋಡು, ತಲೆಯಾಡಿಸಿದರು. ನಾನು ಆವತ್ತು ಹೇಳಿದ್ದರೂ ಹೀಗೇ ಆಡಿಸುತ್ತಿದ್ದರೇನೋ. ನಾನೇ ಕೇಳಿ ನೋಡಲಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡಿರಿ, ನಿಮ್ಮೆಲ್ಲರಿಗೂ ಕೃತಜ್ಞಳು. ನನ್ನ ಬಲಗೈ ಇಂದಿಗೂ ಎದೆಮಟ್ಟದಿಂದ ಮೇಲೇಳುವುದಿಲ್ಲ ಸರ್. ನಿಮಗೆ ಕೈಮುಗಿಯಲು ಇಷ್ಟು ಸಾಕು.

ನಮಸ್ಕಾರ.