ಬಾವಿ ಕಟ್ಟೆಯ ಮೇಲಿನ ದಡಿ

ಬನಹಟ್ಟಿಯ ಗಿರಿಮಲ್ಲಪ್ಪನಿಗೆ ಆದದ್ದಿದು. ನಮ್ಮ ಕಾಕಾನ ಮಗ, ಸುಳ್ಳು ಹೇಳುವ ಪೈಕಿ ಅಲ್ಲ. ೨೦೧೩ರ ಮಾತು. ರಾತ್ರಿ ಹತ್ತೂವರೆ. ಕರೆಂಟು ಹೋಗಿ ಓಣಿಯ ಮಗ್ಗಗಳ ಲಟಕ್-ಪಟಕ್ ಒಮ್ಮೆಲೇ ನಿಂತಿತ್ತು. ಹೆಂಡತಿ ಶಿವವ್ವ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಗಂಡನ ರಟ್ಟೆ ಹಿಡಿದು ಹಾಳುಬಾವಿಯ ದಾರಿಯಲ್ಲಿ ಮನೆಗೆ ಹೊರಟಿದ್ದಳು.

ಗಿರಿಮಲ್ಲಪ್ಪ ಹನ್ನೊಂದು ವರ್ಷ ಕುರುಡನಾಗಿದ್ದ. ಆ ವರ್ಷವಷ್ಟೇ ಬೆಂಗಳೂರಿನಲ್ಲಿ ಕಣ್ಣಿನ ಹಿಂಪರದೆಗೆ ಅಕ್ಕಿಕಾಳಿನಷ್ಟು ಚಿಪ್ ಕೂಡಿಸಿದ್ದರು. ಮೂಗಿನ ಮೇಲಿನ ಚಾಳೀಸಿನಲ್ಲಿ ಕ್ಯಾಮೆರಾ, ಸೊಂಟದಲ್ಲಿ ಬ್ಯಾಟರಿ ಪೆಟ್ಟಿಗೆ. ಕಾಣುವುದು ಬರೀ ಅರವತ್ನಾಲ್ಕು ಬೆಳಕಿನ ಚುಕ್ಕಿ. ಬೇರೆಯವರಿಗೆ ಅದು ಗೊಂದಲ. ಇವನೋ, ಕಣ್ಣಿದ್ದಾಗ ಸೀರೆಯ ದಡಿಗೆಂದು, ಅಂಚಿನ ಹೂವಿಗೆಂದು, ಮೂವತ್ತು ವರ್ಷ ಮಗ್ಗದ ನಕ್ಷೆಯ ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದವ. ತೂತು ಎಲ್ಲಿದೆ, ಎಲ್ಲಿಲ್ಲ ಎಂಬುದರಲ್ಲೇ ಹೂವು ಓದಿದವ. ಚುಕ್ಕಿ ಅವನಿಗೆ ಸಾಕಿತ್ತು.

ಚಿಪ್ ಮಾಡಿದ ಸಂಘಮಿತ್ರಾ ಮೇಡಂ ಮರುದಿನ ತಪಾಸಣೆಗೆ ಬರುವವರಿದ್ದರು. ಮೊದಲೇ ಹೇಳಿದ್ದರು: "ಇಲ್ಲದ್ದೇನಾದ್ರೂ ಕಂಡ್ರೆ ಮುಚ್ಚಿಡಬೇಡಿ. ಚಿಪ್ ಬಂದ್ ಮಾಡಬೇಕಾಗುತ್ತೆ."

ಕಿರ್… ಕಿರ್… ಬಾವಿಯ ಹತ್ತಿರ ಬಂದಂತೆ ರಾಟೆಯ ಸದ್ದು. ಹಗ್ಗವೇ ಇಲ್ಲದ ರಾಟೆ.

ಚುಕ್ಕಿ ಹತ್ತಿದವು. ಎರಡು ಬೆಳಕು, ಒಂದು ಕತ್ತಲು, ಮತ್ತೆ ಎರಡು… ದಡಿ. ಅವನೇ ಹೊಡೆದ ಕಾರ್ಡಿನದು. ಆ ದಡಿಯ ಸೀರೆ ನೇಯ್ದದ್ದು ಒಂದೇ, ಅಕ್ಕ ಸೋಮವ್ವನಿಗೆ. ಇದೇ ಬಾವಿಯಿಂದ ಅವಳ ಹೆಣ ಎತ್ತಿದ ಮೇಲೆ ಅದನ್ನೇ ಉಡಿಸಿ ಹುಗಿದಿದ್ದರು.

"ಕಟ್ಟಿ ಮ್ಯಾಲೆ ಯಾರದಾರ?" ಪಿಸುಗುಟ್ಟಿದ.

"ಯಾರೂ ಇಲ್ರಿ… ಸುಮ್ಮ ನಡೀರಿ."

ಚಿಪ್ ಬಂದ್ ಮಾಡಲು ಪೆಟ್ಟಿಗೆಯ ಗುಂಡಿ ಒತ್ತಿದ. ಟಿಕ್. ಅವನ ಕಣ್ಣಿಗೆ ಟಾರ್ಚು ಆರಿತು, ದಾರಿ ಆರಿತು… ದಡಿ ಆರಲಿಲ್ಲ. ತಪ್… ತಪ್… ಒದ್ದೆ ಕಾಲು. ಸೊಂಟದ ಪೆಟ್ಟಿಗೆಯ ಮೇಲೆ ತಣ್ಣನೆಯದೊಂದು ಕೈ ಬಿತ್ತು.

ಶಿವವ್ವನಿಗೆ ಏನೂ ಕಾಣಲಿಲ್ಲ, ಗಂಡನ ರಟ್ಟೆ ಜಗ್ಗಿದಳು. "ಬ್ಯಾಡ್ರಿ ಈ ಕಣ್ಣು! ನಾಳೆ ಮೇಡಮ್ಮಗ ಹೊಳ್ಳಿ ಕೊಟ್ಟಬಿಡ್ರಿ."

"ಬಾಯಿ ಮುಚ್ಚ," ಎಂದವ ಕತ್ತಲಿಗೆ ತಿರುಗಿದ. "ಅಕ್ಕಾ, ಹನ್ನೊಂದು ವರ್ಷ ಕತ್ತಲದಾಗ ಕುಂತವಗ ಕತ್ತಲಾ ತೋರಿಸಿ ಅಂಜಸ್ತೀ ಏನ? ನಿಲ್ಲೂದಿದ್ರ ನಿಲ್ಲು. ನನ್ನ ಕಣ್ಣಿಗೆ ಕೈ ಹಚ್ಚಬ್ಯಾಡ. ಬಾಜೂ ಸರಿ, ದಾರಿ ನಂದೈತಿ."

ದಡಿ ಒಂದು ಮಾರು ಬದಿಗೆ ಸರಿಯಿತು.

ಬೆಳಗ್ಗೆ ತಪಾಸಣೆ ನಮ್ಮ ಅರಿವೆ ಅಂಗಡಿಯಲ್ಲೇ ಆಯಿತು, ಇನ್ವರ್ಟರ್ ಇದ್ದದ್ದು ಅಲ್ಲೇ.

"ಇಲ್ಲದ್ದೇನಾದ್ರೂ ಕಾಣಿಸ್ತಾ ಯಜಮಾನ್ರೇ?"

"ಇಲ್ಲದ್ದು ಯಾವುದೂ ಕಂಡಿಲ್ರಿ," ಎಂದ ಗಿರಿಮಲ್ಲಪ್ಪ, ಗಟ್ಟಿಯಾಗಿ.

ಮೇಡಂ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಒಳಗಿಂದ ಎರಡು ಚಮಚೆಯಷ್ಟು ನೀರು ನಮ್ಮ ಗಾದಿಯ ಮೇಲೆ ಚೆಲ್ಲಿತು, ಹಸಿರು ಪಾಚಿಯ ಸಮೇತ. "ಇಷ್ಟು ನೀರು ಹೊಕ್ಕೂ ಇದು ನಡೀತಿದೆಯಲ್ಲ!" ಎಂದರು. ಚಿಪ್ ಬಂದ್ ಮಾಡಲಿಲ್ಲ.

ಆ ಬಾವಿ ಬತ್ತಿ ಆ ಹೊತ್ತಿಗೇ ಒಂಬತ್ತು ವರ್ಷವಾಗಿತ್ತು. ಗಾದಿಯ ಹಸಿರು ಕಲೆ ಮೂರು ಸಲ ತೊಳೆಸಿದೆ, ಹೋಗಿಲ್ಲ. ನಂಬದವರು ಅಂಗಡಿಗೆ ಬಂದು ನೋಡಲಿ.